ಬಹುಮಾನ ಬೇಡ, ಮುಂದಿನ ವರ್ಷದ ಸೀಟು ಕೊಡಿ

ಪ್ರಿಯ ಗೆಳೆಯಾ,

ನಿನ್ನ ಪತ್ರ ಓದಿ ಖುಷಿಯಾಯಿತು, ಜೊತೆಗೆ ಸ್ವಲ್ಪ ಸಿಟ್ಟೂ ಬಂತು. ಕ್ಲಬ್‌ನ ಹವ್ಯಾಸಿ ರೇಸರ್‌ಗಳನ್ನು ವೃತ್ತಿಪರ ಸರಣಿಗೆ ಏರಿಸಲು ನೀವೆಲ್ಲ ಸೇರಿ ನಿಧಿ ಕೂಡಿಸುತ್ತಿರುವುದು ಸಣ್ಣ ಮಾತಲ್ಲ. ಆದರೆ ಆ ಹಣವನ್ನು ಚಾಂಪಿಯನ್ ಆದವನ ಕೈಗೇ ಕೊಟ್ಟುಬಿಡುವ ಯೋಚನೆ ನನಗೆ ಒಪ್ಪಿಗೆಯಿಲ್ಲ. ಟಯರ್ ಬಾಕಿ, ಎಂಜಿನ್ ಕೆಲಸದ ಬಾಕಿ ತೀರಿಸುವಷ್ಟರಲ್ಲಿ ಅದು ಕರಗಿರುತ್ತದೆ, ಹುಡುಗ ಇದ್ದಲ್ಲೇ ಇರುತ್ತಾನೆ. ಅದರ ಬದಲು ಆ ಹಣದಿಂದ ಮುಂದಿನ ವರ್ಷ ಮೇಲಿನ ಸರಣಿಯ ತಂಡವೊಂದರಲ್ಲಿ ಅವನಿಗೆ ಸೀಟು, ಅಂದರೆ ಓಡಿಸಲು ಕಾರು, ಕೊಡಿಸಿ.

ಅಮೆರಿಕದಲ್ಲಿ ಮಜ್ದಾ ಕಂಪನಿ ಮಾಡಿದ್ದನ್ನು ನೋಡು. ಕೆಳಗಿನ ಸರಣಿ ಗೆದ್ದವನಿಗೆ ಮೇಲಿನ ಸರಣಿಯಲ್ಲಿ ಓಡಲು ವಿದ್ಯಾರ್ಥಿವೇತನ. ಅಮೆರಿಕದ ದೊಡ್ಡ ಫಾರ್ಮುಲಾ ಕಾರು ಸರಣಿ ಇಂಡಿಕಾರ್; ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು ಇಂಡಿ ಲೈಟ್ಸ್. ಒಂದು ಹಂತದಲ್ಲಿ ಇಂಡಿ ಲೈಟ್ಸ್ ಚಾಂಪಿಯನ್‌ಗೆ ಸಿಗುತ್ತಿದ್ದುದು 10 ಲಕ್ಷ ಡಾಲರ್. ಅದರಿಂದ ಹೆಸರಾಂತ ಇಂಡಿಯಾನಾಪೊಲಿಸ್ 500 ರೇಸ್ ಸೇರಿದಂತೆ ಕನಿಷ್ಠ 3 ಇಂಡಿಕಾರ್ ರೇಸ್‌ಗಳು ಖಾತ್ರಿಯಾಗುತ್ತಿದ್ದವು. ಮಜ್ದಾದ ಎಂಎಕ್ಸ್-5 ಕಾರುಗಳೇ ಓಡುವ ವೃತ್ತಿಪರ ಸರಣಿ ಎಂಎಕ್ಸ್-5 ಕಪ್‌ಗೆ ಕ್ಲಬ್ ರೇಸರ್‌ಗಳಿಂದ ಒಬ್ಬನನ್ನು ಆರಿಸುವ ಸ್ಪರ್ಧೆಯನ್ನೂ ಅವರು ನಡೆಸಿದರು. ಕಂಪ್ಯೂಟರ್ ಮುಂದೆ ಐರೇಸಿಂಗ್ ಎಂಬ ರೇಸ್ ಆಟ ಆಡಿ ಬಂದವನೊಬ್ಬ ಅದನ್ನು ಗೆದ್ದದ್ದೂ ಉಂಟು! ಅಲ್ಲಿ ಲ್ಯಾಪ್ ಸಮಯದ ಜೊತೆಗೆ ಅಭ್ಯರ್ಥಿಯ ಮಾತು, ನಡವಳಿಕೆಗಳನ್ನೂ ತೂಗುತ್ತಿದ್ದರು. ನಿಮ್ಮ ಆಯ್ಕೆಯೂ ಹಾಗೇ ಇರಲಿ. ಅಂಕಪಟ್ಟಿಯ ಮೊದಲನೆಯವನೇ ಮೇಲೆ ಹೋಗಬೇಕೆಂಬ ನಿಯಮವೇನೂ ಇಲ್ಲ.

ಆರಿಸುವಾಗ ಕಾರಿನ ಓಟವನ್ನು ದಾಖಲಿಸುವ ಡೇಟಾ ಲಾಗರ್ ತೆರೆದು ಬ್ರೇಕ್ ಗೆರೆಯನ್ನು, ಅಂದರೆ ಬ್ರೇಕನ್ನು ಯಾವಾಗ ಎಷ್ಟು ಒತ್ತಿದ ಎಂದು ತೋರಿಸುವ ರೇಖೆಯನ್ನು, ನೋಡು. ಹೆಚ್ಚಿನ ಹವ್ಯಾಸಿಗಳು ಬೇಗನೆ, ಮೆಲ್ಲಗೆ ಒತ್ತಲು ಶುರುಮಾಡಿ, ತಿರುವಿಗೆ ಹೊರಳುವ ಮೊದಲೇ ಕಾಲು ತೆಗೆದುಬಿಡುತ್ತಾರೆ. ಗೆರೆ ಗುಡ್ಡದ ಹಾಗೆ ದುಂಡಗೆ ಏರಿ ಇಳಿದಿರುತ್ತದೆ. ಪಳಗಿದವನ ಗೆರೆ ಕ್ಷಣದಲ್ಲಿ ತುದಿಗೇರಿ, ಆಮೇಲೆ ತಿರುವಿನ ಒಳಮೂಲೆಯವರೆಗೂ ಸಣ್ಣಗೆ ಇಳಿಯುತ್ತಾ ಹೋಗುತ್ತದೆ. ಮುಂದಿನ ಚಕ್ರಗಳ ಮೇಲೆ ಭಾರ ಉಳಿದು ಕಾರು ಸಲೀಸಾಗಿ ತಿರುಗುತ್ತದೆ. ಇದು ಕಲಿಸಿದರೆ ಬರುವ ವಿದ್ಯೆ. ಹಾಗಾಗಿ ಇವತ್ತು ಯಾರ ಗೆರೆ ಚೆನ್ನಾಗಿದೆ ಎಂದಷ್ಟೇ ನೋಡಬೇಡ. ತರಬೇತುದಾರ ಹೇಳಿದ ಮೇಲೆ ಮುಂದಿನ ಸುತ್ತಿನಲ್ಲೇ ಯಾರ ಗೆರೆ ಬದಲಾಯಿತು ಎಂದು ನೋಡು. ವೃತ್ತಿಪರ ಸರಣಿಯಲ್ಲಿ ಅಭ್ಯಾಸಕ್ಕೆ ಸಿಗುವ ಸಮಯ ತೀರಾ ಕಡಿಮೆ. ನಿಧಾನವಾಗಿ ಕಲಿಯುವವನನ್ನು ಅಲ್ಲಿ ಯಾರೂ ಕಾಯುವುದಿಲ್ಲ.

ಇನ್ನು ಎಲ್ಲರನ್ನೂ ಫಾರ್ಮುಲಾ 1ರ ಕನಸಿಗೆ ಕಟ್ಟಬೇಡ. ಅಲ್ಲಿ ಓಡಲು ಬೇಕಾದ ಸೂಪರ್ ಲೈಸೆನ್ಸ್‌ಗೆ ಕೆಳಗಿನ ಸರಣಿಗಳಿಂದ 3 ವರ್ಷಗಳಲ್ಲಿ 40 ಅಂಕ ಗಳಿಸಬೇಕು. ದೊಡ್ಡವರಾದ ಮೇಲೆ ರೇಸಿಗೆ ಬಂದವರಿಗೆ ಆ ದಾರಿ ಮುಚ್ಚಿದೆ ಎಂದೇ ತಿಳಿ. ರಸ್ತೆಯ ಸ್ಪೋರ್ಟ್ಸ್ ಕಾರುಗಳನ್ನೇ ರೇಸಿಗೆ ಸಜ್ಜುಮಾಡಿ ಓಡಿಸುವ ಜಿಟಿ ರೇಸ್‌ಗಳ ಬಾಗಿಲು ತೆರೆದಿದೆ. ಮೋಟಾರ್ ರೇಸ್‌ಗಳ ವಿಶ್ವಸಂಸ್ಥೆಯಾದ ಎಫ್‌ಐಎ ಅಲ್ಲಿ ಚಾಲಕರನ್ನು ಕಂಚು, ಬೆಳ್ಳಿ, ಚಿನ್ನ, ಪ್ಲಾಟಿನಂ ಎಂದು ವಿಂಗಡಿಸುತ್ತದೆ; ಕಂಚು ಎಂದರೆ ಹವ್ಯಾಸಿ, ಪ್ಲಾಟಿನಂ ಎಂದರೆ ನುರಿತ ವೃತ್ತಿಪರ. ಹಲವು ಚಾಲಕರು ಸರದಿಯಲ್ಲಿ ಒಂದೇ ಕಾರನ್ನು ಗಂಟೆಗಟ್ಟಲೆ ಓಡಿಸುವ ವಿಶ್ವ ಎಂಡ್ಯೂರೆನ್ಸ್ ಚಾಂಪಿಯನ್‌ಶಿಪ್‌ನಲ್ಲಿ, ಜಿಟಿ ಕಾರುಗಳ ಎಲ್‌ಎಂಜಿಟಿ3 ವರ್ಗದಲ್ಲಿ 2024ರಿಂದ ಪ್ರತಿ ಕಾರಿಗೂ ಒಬ್ಬ ಕಂಚಿನ ಚಾಲಕ ಇರಲೇಬೇಕು. ಜಿಟಿ ರೇಸ್‌ಗಳಲ್ಲಿ ಖರ್ಚು ಹೊರುವವನು ಸಾಮಾನ್ಯವಾಗಿ ಆ ಹವ್ಯಾಸಿಯೇ. ಅವನ ಜೊತೆ ಓಡುತ್ತಾ ಅವನನ್ನು ತಿದ್ದಬಲ್ಲ ವೇಗದ ಚಾಲಕನಿಗೆ ಸಂಬಳ ಸಿಗುತ್ತದೆ. ಆದ್ದರಿಂದ ನಿನ್ನ ಹುಡುಗರು ಓಡಿಸುವುದರ ಜೊತೆಗೆ ಕಲಿಸುವುದನ್ನೂ ಕಲಿಯಲಿ. ಈ ಕಸುಬಿನಲ್ಲಿ ಹೊಟ್ಟೆ ತುಂಬಿಸುವುದು ಹೆಚ್ಚಾಗಿ ಅದೇ.

ಪ್ರಾಯೋಜಕರಿಗೆ ಬರೆಯುವ ಪತ್ರಗಳಲ್ಲಿ ಬಾಲ್ಯದ ಕನಸಿನ ಕಥೆ ಬೇಡವೆಂದು ಹುಡುಗರಿಗೆ ಹೇಳು. ಕೊಟ್ಟ ಹಣಕ್ಕೆ ಕಂಪನಿಗೆ ಏನು ಸಿಗುತ್ತದೆ ಎಂಬುದು ಮೊದಲ ಪುಟದಲ್ಲೇ ಇರಲಿ.

ತಂಡದ ಜೊತೆಗಿನ ಒಪ್ಪಂದವನ್ನು ಮಾತ್ರ ಸಾಲುಸಾಲಾಗಿ ಓದಬೇಕು. ಸೀಟಿನ ದರ ಎಂದು ಹೇಳುವ ಮೊತ್ತದಲ್ಲಿ ಟಯರ್ ಸೇರಿದೆಯೇ? ಪರೀಕ್ಷಾ ಓಟದ ದಿನಗಳು ಎಷ್ಟು? ಅಪಘಾತವಾದರೆ ರಿಪೇರಿ ಯಾರ ಲೆಕ್ಕಕ್ಕೆ, ಗರಿಷ್ಠ ಎಷ್ಟು? ಈ ಕೊನೆಯ ಪ್ರಶ್ನೆಗೆ ಲಿಖಿತ ಉತ್ತರವಿಲ್ಲದಿದ್ದರೆ ಒಂದೇ ಗೋಡೆ ಇಡೀ ವರ್ಷದ ನಿಧಿಯನ್ನು ನುಂಗಬಹುದು. ನಿಧಿಯ ಒಂದು ಪಾಲನ್ನು ಇದಕ್ಕೆಂದೇ ತೆಗೆದಿಡು. ಒಬ್ಬ ಹುಡುಗ ಕಡಿಮೆಯಾದರೂ ಚಿಂತೆಯಿಲ್ಲ, ಹೋದವನು ಪೂರ್ತಿ ಸೀಸನ್ ಓಡಲಿ.

ಸಹಿ ಹಾಕುವ ಮೊದಲು ಕರಡನ್ನು ನನಗೂ ಕಳುಹಿಸು. ರಿಪೇರಿಯ ಷರತ್ತನ್ನು ನಾನೂ ಒಮ್ಮೆ ನೋಡುತ್ತೇನೆ.

ನಿನ್ನ,
ಹಳೆಯ ಗೆಳೆಯ