ದೇವಶರ್ಮನ ಗಂಟು: ಗೆಳೆಯನಿಗೊಂದು ಪತ್ರ

ಬನಶಂಕರಿ, ಬೆಂಗಳೂರು
ಭಾನುವಾರ ಸಂಜೆ

ಪ್ರಿಯ ಗೆಳೆಯ,

ನಿನ್ನ ಪತ್ರ ಕೈಸೇರಿ ಮೂರು ವಾರಗಳಾದವು. ‘ಈ ರಾಜಕಾರಣಿಗಳೆಲ್ಲ ಆಷಾಢಭೂತಿಗಳು, ವಿಧಾನಸೌಧ ಇರುವ ಊರಿನಲ್ಲೇ ಇದ್ದುಕೊಂಡು ನೀನು ಹೇಗೆ ಬಾಯಿಮುಚ್ಚಿಕೊಂಡಿದ್ದೀಯ’ ಎಂದು ಕೇಳಿದ್ದೆ. ಉತ್ತರ ಇಷ್ಟು ತಡವಾದದ್ದಕ್ಕೆ ನೀನು ಬಳಸಿದ ಆ ಒಂದು ಪದವೇ ಕಾರಣ. ಆಷಾಢಭೂತಿ ಎಂಬುದನ್ನು ನಾವಿಬ್ಬರೂ ಬಾಲ್ಯದಿಂದ ಬೈಗುಳವಾಗಿ ಬಳಸುತ್ತ ಬಂದಿದ್ದೇವೆ, ಆದರೆ ಅವನ ಕತೆಯನ್ನು ಪೂರ್ತಿಯಾಗಿ ನೆನಪಿಟ್ಟುಕೊಂಡವರು ಕಡಿಮೆ. ನಾನೂ ಮರೆತಿದ್ದೆ. ನಿನ್ನ ಪತ್ರದ ದೆಸೆಯಿಂದ ಪಂಚತಂತ್ರವನ್ನು ಮತ್ತೆ ತೆರೆದು ನೋಡಿದೆ.

ಕತೆಯಲ್ಲಿ ದೇವಶರ್ಮನೆಂಬ ಸಂನ್ಯಾಸಿ ಇದ್ದಾನೆ. ಭಕ್ತರು ಭಕ್ತಿಯಿಂದ ಕೊಟ್ಟ ನಯವಾದ ವಸ್ತ್ರಗಳನ್ನು ಮಾರಿ ಮಾರಿ ಅವನು ಹಣದ ಗಂಟೊಂದನ್ನು ಮಾಡಿಕೊಂಡಿದ್ದಾನೆ. ಯಾರನ್ನೂ ನಂಬದೆ ಹಗಲೂ ರಾತ್ರಿ ಅದನ್ನು ಕಂಕುಳಲ್ಲೇ ಅವುಚಿಕೊಂಡಿರುತ್ತಾನೆ. ಆಷಾಢಭೂತಿ ಅವನ ಬಳಿಗೆ ಬಂದು, ಸಂಸಾರ ಹುಲ್ಲಿನ ಬೆಂಕಿಯಂತೆ ಅಸ್ಥಿರವೆಂದು ವೈರಾಗ್ಯದ ಮಾತಾಡಿ ಶಿಷ್ಯನಾಗುತ್ತಾನೆ. ಒಂದು ದಿನ ಗುರು ಗಂಟನ್ನು ಕಂಥೆಯಲ್ಲಿ, ಅಂದರೆ ತನ್ನ ಚಿಂದಿಯ ಹೊದಿಕೆಯಲ್ಲಿ, ಸುತ್ತಿ ಶಿಷ್ಯನ ಬಳಿ ಬಿಟ್ಟು ಬಹಿರ್ದೆಸೆಗೆ ಹೋಗುತ್ತಾನೆ. ಅಲ್ಲಿ ಎರಡು ಟಗರುಗಳು ಕಾದಾಡುತ್ತಿವೆ. ಅವುಗಳ ಹಣೆಯಿಂದ ಸುರಿದ ರಕ್ತವನ್ನು ನೆಕ್ಕಲು ನಡುವೆ ನುಗ್ಗಿದ ನರಿ ಎರಡು ತಲೆಗಳ ನಡುವೆ ಸಿಕ್ಕಿ ಸಾಯುತ್ತದೆ. ಸಂನ್ಯಾಸಿ ನಿಂತು ಆ ಕಾಳಗವನ್ನು ನೋಡುತ್ತಾನೆ. ಹಿಂದಿರುಗಿದಾಗ ಶಿಷ್ಯನೂ ಇಲ್ಲ, ಗಂಟೂ ಇಲ್ಲ.

ಸೋಗಿನ ಶಿಷ್ಯನ ಹೆಸರು ನಮ್ಮ ಭಾಷೆಯಲ್ಲಿ ಬೈಗುಳವಾಗಿ ಉಳಿಯಿತು. ಸರ್ವವನ್ನೂ ತ್ಯಜಿಸಿದೆನೆಂದು ಹೇಳಿಕೊಂಡು ಕಂಕುಳಲ್ಲಿ ಗಂಟು ಇಟ್ಟುಕೊಂಡಿದ್ದವನ ಹೆಸರು ಮಾತ್ರ ಯಾರ ಬಾಯಲ್ಲೂ ಉಳಿಯಲಿಲ್ಲ. ಮೂರು ವಾರಗಳಿಂದ ನನ್ನನ್ನು ಕಾಡುತ್ತಿರುವುದು ಈ ಎರಡನೆಯವನೇ.

1985ರ ಬೇಸಿಗೆ ನಿನಗೆ ನೆನಪಿರಬೇಕು. 1984ರ ಕೊನೆಯ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳ ಪೈಕಿ ಜನತಾ ಪಕ್ಷಕ್ಕೆ ದಕ್ಕಿದ್ದು ನಾಲ್ಕೇ ನಾಲ್ಕು. ಅದು ದಿಲ್ಲಿಯ ಚುನಾವಣೆ, ನಮ್ಮ ಸರ್ಕಾರಕ್ಕೆ ಸಂಬಂಧವಿಲ್ಲ ಎಂದು ಆ ಪಕ್ಷದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ಆರಾಮವಾಗಿ ಕುರ್ಚಿಯಲ್ಲಿ ಕೂರಬಹುದಿತ್ತು. ಅವರು ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋದರು. ಮಾರ್ಚ್‌ನಲ್ಲಿ 139 ಸ್ಥಾನ ಗೆದ್ದು ಬಂದರು. ‘ಮೌಲ್ಯಾಧಾರಿತ ರಾಜಕಾರಣ’ ಎಂಬ ಮಾತನ್ನು ಹಾಸ್ಟೆಲ್ಲಿನ ಮಾಳಿಗೆಯ ಮೇಲೆ ಕುಳಿತು ನಾವು ಅದೆಷ್ಟು ರಾತ್ರಿ ಜಗಿದಿದ್ದೇವೆ! ಮರುವರ್ಷ ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ಬಗ್ಗೆ ಹೈಕೋರ್ಟ್ ಕಟುವಾಗಿ ಮಾತಾಡಿದಾಗ ಅವರು ಮತ್ತೆ ರಾಜೀನಾಮೆ ಕೊಟ್ಟರು, ಮೂರೇ ದಿನಗಳಲ್ಲಿ ಹಿಂಪಡೆದರು. ‘ನಾಟಕ ನೋಡೋ’ ಎಂದು ನೀನು ಅಂದು ನಕ್ಕಿದ್ದೆ, ನಾನು ಜಗಳವಾಡಿದ್ದೆ. 1988ರಲ್ಲಿ ದೂರವಾಣಿ ಕದ್ದಾಲಿಕೆಯ ಆರೋಪದ ಮೇಲೆ ನಿಜವಾಗಿಯೂ ಹುದ್ದೆ ಬಿಟ್ಟುಹೋದಾಗ ನಮ್ಮಿಬ್ಬರಿಗೂ ಮಾತು ಹೊರಡಲಿಲ್ಲ, ಏಕೆಂದರೆ ಆ ಹೊತ್ತಿಗೆ ನಮ್ಮಲ್ಲಿ ಯಾರು ಸರಿಯಾಗಿದ್ದೆವು ಎಂಬುದೇ ತಿಳಿಯದಾಗಿತ್ತು.

ಅಂದು ನೀನು ಹೇಳಿದ್ದು ಸರಿ, ಅದರಲ್ಲಿ ನಾಟಕದ ಪಾಲೂ ಇತ್ತು. 1984ರಲ್ಲಿ ಆಂಧ್ರದ ಎನ್.ಟಿ. ರಾಮರಾವ್ ಅವರ ಸರ್ಕಾರವನ್ನು ಉರುಳಿಸಿದಾಗ ಅವರ ಶಾಸಕರನ್ನು ಕರೆತಂದು ನಮ್ಮ ರಾಜ್ಯದಲ್ಲಿ ಕಾಪಾಡಿದ್ದನ್ನು ನಾವು ಪ್ರಜಾಪ್ರಭುತ್ವದ ರಕ್ಷಣೆ ಎಂದೇ ಕೊಂಡಾಡಿದೆವು. ಅಂದು ಅದು ನ್ಯಾಯದ ಪಕ್ಷವೂ ಆಗಿತ್ತು. ಆದರೆ ಶಾಸಕರನ್ನು ಕುರಿಮಂದೆಯಂತೆ ಒಂದೆಡೆ ಕೂಡಿಹಾಕಿ ಕಾಯಬಹುದು ಎಂಬ ಪಾಠವನ್ನೂ ಅದು ಕಲಿಸಿತು. ಇಂದು ‘ರೆಸಾರ್ಟ್ ರಾಜಕಾರಣ’ ಎಂದು ಮೂಗು ಮುರಿಯುವ ನಾವು ಅದರ ಮೊದಲ ಪ್ರಯೋಗಗಳಿಗೆ ಚಪ್ಪಾಳೆ ತಟ್ಟಿದವರು. ಇಷ್ಟಾದರೂ ಆ ನಾಟಕಕ್ಕೆ ಒಂದು ಬೆಲೆಯಿತ್ತು ಎಂದು ನಾನು ಈಗಲೂ ವಾದಿಸುತ್ತೇನೆ. ರಾಜೀನಾಮೆ ಕೊಟ್ಟಂತೆ ನಟಿಸಬೇಕಾದರೆ, ಕೊಡದಿದ್ದರೆ ಜನ ಉಗಿಯುತ್ತಾರೆ ಎಂಬ ಭಯ ಇರಬೇಕು. ಆ ಭಯ ಹುಟ್ಟಿಸಿದವರು ನಾವು, ಅದನ್ನು ಕಳೆದುಕೊಂಡವರೂ ನಾವೇ.

ಕಳೆದುಕೊಂಡದ್ದು ಯಾವಾಗ ಎಂದು ನೀನು ಕೇಳಿದರೆ ನಾನು 2019ರ ಡಿಸೆಂಬರ್ ಎಂದು ಹೇಳುತ್ತೇನೆ. ಅದಕ್ಕೂ ಮೊದಲು, 2008ರಲ್ಲಿ, ಬೇರೆ ಪಕ್ಷಗಳ ಶಾಸಕರಿಂದ ರಾಜೀನಾಮೆ ಕೊಡಿಸಿ ಬಿಜೆಪಿಗೆ ಸೆಳೆಯುವ ‘ಆಪರೇಷನ್ ಕಮಲ’ ಎಂಬ ಪದ ಕೇಳಿ ನಾವು ಬೆಚ್ಚಿದ್ದೆವು, ಆಮೇಲೆ ಒಗ್ಗಿಹೋದೆವು. 2019ರ ಜುಲೈನಲ್ಲಿ 17 ಶಾಸಕರನ್ನು ಸಭಾಧ್ಯಕ್ಷರು ಅನರ್ಹಗೊಳಿಸಿದರು. ಪಕ್ಷಾಂತರ ತಡೆಯಲೆಂದು 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿ ಇರುವುದೇ ಅದಕ್ಕೆ. ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ವಿಧಾನಸಭೆಯ ಅವಧಿ ಮುಗಿಯುವವರೆಗೂ ಸ್ಪರ್ಧಿಸಬಾರದೆಂಬ ನಿರ್ಬಂಧವನ್ನು ತೆಗೆದುಹಾಕಿತು. ಉಪಚುನಾವಣೆಯಲ್ಲಿ ಹೊಸ ಪಕ್ಷದ ಟಿಕೆಟ್ಟಿನಲ್ಲಿ ನಿಂತ ಹದಿಮೂರು ಅನರ್ಹರಲ್ಲಿ ಹನ್ನೊಂದು ಮಂದಿ ಗೆದ್ದರು. ನ್ಯಾಯಾಲಯ ‘ಅನರ್ಹ’ ಎಂದದ್ದನ್ನು ಮತದಾರ ಮೂರೇ ವಾರಗಳಲ್ಲಿ ‘ಅರ್ಹ’ ಎಂದು ತಿದ್ದಿಕೊಟ್ಟ. ಅದರಲ್ಲಿ ಕೆಲವು ಕ್ಷೇತ್ರಗಳು ನಮ್ಮ ಬೆಂಗಳೂರಿನವು, ಓದು ಬಲ್ಲವರು, ಪತ್ರಿಕೆ ತರಿಸುವವರು ತುಂಬಿರುವ ಬಡಾವಣೆಗಳು. ಒಂದು ಪಕ್ಷವನ್ನೇ ದೂರಲು ನಾನಿದನ್ನು ಹೇಳುತ್ತಿಲ್ಲ. ಪಕ್ಷಾಂತರಿಗೆ ಹಾರ ಹಾಕದ ಪಕ್ಷ ಈ ರಾಜ್ಯದಲ್ಲಿ ಯಾವುದಿದೆ, ನೀನೇ ಹೇಳು.

ಇನ್ನು ಗಂಟಿನ ವಿಷಯ. ಇದನ್ನು ನಿನಗೆ ಹಿಂದೆ ಎಂದೂ ಹೇಳಿರಲಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ಈ ಫ್ಲ್ಯಾಟ್ ಕೊಳ್ಳುವಾಗ, ಬೆಲೆಯ ಮೂರನೇ ಒಂದು ಭಾಗವನ್ನು ನಗದಾಗಿ ಕೊಡಬೇಕೆಂದು ಮಾರುವವರು ಹೇಳಿದರು. ನೋಂದಣಿ ಸರ್ಕಾರದ ಮಾರ್ಗಸೂಚಿ ಬೆಲೆಗೆ ಆಗುತ್ತದೆ, ಮುದ್ರಾಂಕ ಶುಲ್ಕವೂ ಉಳಿಯುತ್ತದೆ, ಎಲ್ಲರೂ ಮಾಡುವುದೇ ಹೀಗೆ ಎಂದರು. ಮೂವತ್ತು ವರ್ಷ ಖಾಸಗಿ ಕಂಪನಿಯಲ್ಲಿ ಲೆಕ್ಕ ಬರೆದವನು ನಾನು. ಪೈಸೆ ತಾಳೆಯಾಗದಿದ್ದರೆ ಮನೆಗೆ ಹೋಗುತ್ತಿರಲಿಲ್ಲ ಎಂದು ಹೆಮ್ಮೆಯಿಂದ ಹೇಳಿಕೊಂಡವನು. ಆ ಹಣವನ್ನು ಬಟ್ಟೆಯ ಚೀಲದಲ್ಲಿ ಹಾಕಿ, ಅದರ ಮೇಲೆ ಎರಡು ಕಟ್ಟು ಸೊಪ್ಪು ಇಟ್ಟು, ಸಿಟಿ ಬಸ್ಸಿನಲ್ಲಿ ಕಂಕುಳಿಗೆ ಅವುಚಿಕೊಂಡು ಹೋದೆ. ಪಕ್ಕದಲ್ಲಿ ಕುಳಿತವನು ಸೊಪ್ಪಿನ ಬೆಲೆ ಕೇಳಿದಾಗ ನನ್ನ ಗಂಟಲು ಒಣಗಿದ್ದು ಇನ್ನೂ ನೆನಪಿದೆ. ಮರುದಿನ ಉಪನೋಂದಣಿ ಕಚೇರಿಯಲ್ಲಿ, ಪತ್ರದಲ್ಲಿ ಬರೆದ ಮೊತ್ತವೇ ನಿಜವಾದ ಮೊತ್ತ ಎಂಬ ಮಾತಿನ ಕೆಳಗೆ ಸಹಿ ಹಾಕಿದೆ. ಕೈ ನಡುಗಲಿಲ್ಲ.

ಈಗ ವಿಧಾನಸಭಾ ಅಭ್ಯರ್ಥಿಯೊಬ್ಬ ಚುನಾವಣಾ ವೆಚ್ಚದ ಲೆಕ್ಕ ಸಲ್ಲಿಸುವುದನ್ನು ಯೋಚಿಸು. ಮಿತಿ 40 ಲಕ್ಷ ರೂಪಾಯಿ. ಫಲಿತಾಂಶ ಬಂದ ಮೂವತ್ತು ದಿನಗಳೊಳಗೆ ಲೆಕ್ಕ ಕೊಡಬೇಕು. ಹಂಚಿದ ಕುಕ್ಕರು, ಸೀರೆ, ಬಾಡೂಟ ಯಾವುದೂ ಅದರಲ್ಲಿ ಕಾಣುವುದಿಲ್ಲವೆಂದು ಬೀದಿಯ ಮಗುವಿಗೂ ಗೊತ್ತು. ಆ ಲೆಕ್ಕವನ್ನು ಓದಿ ನಾವು ನಗುತ್ತೇವೆ. ಅವನ ಲೆಕ್ಕಕ್ಕೂ ನನ್ನ ಕ್ರಯಪತ್ರಕ್ಕೂ ಇರುವ ವ್ಯತ್ಯಾಸ ಸೊನ್ನೆಗಳ ಸಂಖ್ಯೆಯಲ್ಲಿ ಮಾತ್ರ. ಅವನು ಮಾಡಿದ ಹಾನಿ ನನ್ನದಕ್ಕಿಂತ ಸಾವಿರ ಪಾಲು ದೊಡ್ಡದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಎಲ್ಲರೂ ಕಳ್ಳರೇ ಎಂದು ಹೇಳಿ ದೊಡ್ಡ ಕಳ್ಳನನ್ನು ಬಿಟ್ಟುಬಿಡುವ ಹೊಸ ಜಾಣತನ ನನಗೆ ಒಗ್ಗದು. ಸಂನ್ಯಾಸಿಯ ಗಂಟು ಕಳ್ಳಗಂಟಾಗಿತ್ತೆಂಬ ಕಾರಣಕ್ಕೆ ಆಷಾಢಭೂತಿ ಸಾಧುವಾಗುವುದಿಲ್ಲ. ಆದರೆ ಗಂಟಿನ ಬಗ್ಗೆ ದೂರು ಕೊಡಲು ದೇವಶರ್ಮ ಹೋಗುವುದಾದರೂ ಯಾರ ಬಳಿಗೆ? ಅದು ಎಲ್ಲಿಂದ ಬಂತೆಂದು ಮೊದಲು ಹೇಳಬೇಕಲ್ಲ. ನಮ್ಮ ಮಧ್ಯಮವರ್ಗದ ಮೌನದ ಗುಟ್ಟು ಅದೇ ಇರಬಹುದೆಂದು ನನಗೀಗ ಅನ್ನಿಸುತ್ತಿದೆ. ನಿಯಮಕ್ಕೆ ಪೂರ್ತಿ ಹೊಂದದ ಆಸ್ತಿಗೆ ಬಿ ಖಾತಾ ಇಟ್ಟುಕೊಂಡವನು, ನಕ್ಷೆ ಮೀರಿ ಒಂದು ಅಂತಸ್ತು ಏರಿಸಿದವನು, ಅಕ್ರಮ ಸಕ್ರಮ ಎಂದಾದರೂ ಬಂದೀತೆಂದು ಕಾಯುತ್ತಿರುವವನು, ಇವರೆಲ್ಲ ಕಾರ್ಪೊರೇಟರ ಮನೆಗೆ ಹೋದರೆ ಪ್ರಶ್ನೆ ಕೇಳಲು ಹೋಗುವುದಿಲ್ಲ. ಅಷ್ಟಕ್ಕೂ 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಕಾರ್ಪೊರೇಟರೇ ಇಲ್ಲದೆ ಈ ಊರು ನಡೆಯಿತು. ಅದಕ್ಕಾಗಿ ನಮ್ಮ ಬೀದಿಯಲ್ಲಿ ಒಬ್ಬನಾದರೂ ಸಿಟ್ಟಾದದ್ದನ್ನು ನಾನು ಕಾಣೆ.

ಸಿಟ್ಟೆಲ್ಲ ರಾತ್ರಿ ಒಂಬತ್ತರ ಟಿವಿಗೆ ಮೀಸಲು. ಅಲ್ಲಿ ಎರಡು ಟಗರುಗಳು ದಿನವೂ ತಲೆ ಚಚ್ಚಿಕೊಳ್ಳುತ್ತವೆ, ನಾವು ಊಟದ ತಟ್ಟೆ ಹಿಡಿದು ನೋಡುತ್ತೇವೆ. ಬಹಿರ್ದೆಸೆಗೆ ಹೋದವನು ಎಷ್ಟು ಹೊತ್ತು ಹಾಗೆ ನಿಂತಿದ್ದ ಎಂದು ಕತೆ ಹೇಳುವುದಿಲ್ಲ.

ಕೊನೆಗೊಂದು ಸುದ್ದಿ. ನಮ್ಮ ನಿವಾಸಿಗಳ ಸಂಘದವರು ಮುಂದಿನ ತಿಂಗಳ ಎರಡನೇ ಭಾನುವಾರ ಸಭೆ ಕರೆದಿದ್ದಾರೆ. ‘ಸಾರ್ವಜನಿಕ ಜೀವನದಲ್ಲಿ ನೈತಿಕತೆ’ ಎಂಬ ವಿಷಯದ ಮೇಲೆ ನಾನು ಹದಿನೈದು ನಿಮಿಷ ಮಾತಾಡಬೇಕಂತೆ. ನಿವೃತ್ತರಿಗೆ ಇಂಥ ಹಿಂಸೆಗಳು ತಪ್ಪಿದ್ದಲ್ಲ. ಭಾಷಣಕ್ಕೆ ಮುಂಚೆ, ಪಾದಚಾರಿ ಮಾರ್ಗವನ್ನು ಆಕ್ರಮಿಸಿರುವ ತಳ್ಳುಗಾಡಿಯವರನ್ನು ತೆರವುಗೊಳಿಸಬೇಕೆಂಬ ನಿರ್ಣಯವಿದೆ. ಅದರಲ್ಲಿ ಒಬ್ಬಳು ನನಗೆ ಹನ್ನೆರಡು ವರ್ಷಗಳಿಂದ ಸೊಪ್ಪು ಕೊಡುತ್ತಿರುವವಳು. ನಿನ್ನೆ ಬೆಳಿಗ್ಗೆ ಟೇಪು ಹಿಡಿದು ಹೋಗಿ ಅಳೆದೆ. ಅವಳ ಗಾಡಿ ಪಾದಚಾರಿ ಮಾರ್ಗದ ಎರಡು ಅಡಿ ಹಿಡಿಯುತ್ತದೆ, ಅದೂ ಹತ್ತು ಗಂಟೆಯವರೆಗೆ. ನಮ್ಮ ಕಟ್ಟಡಕ್ಕೆ ಕಾರು ಹತ್ತಿಸಲು ಹಾಕಿರುವ ಸಿಮೆಂಟಿನ ಇಳಿಜಾರು ಮೂರೂವರೆ ಅಡಿ, ಇಪ್ಪತ್ನಾಲ್ಕು ಗಂಟೆಯೂ. ಕಾವಲುಗಾರ ನನ್ನನ್ನು ವಿಚಿತ್ರವಾಗಿ ನೋಡಿದ.

ಭಾಷಣಕ್ಕೆ ಒಪ್ಪಿಕೊಂಡಿದ್ದೇನೆ. ಟೇಪು ಇನ್ನೂ ಮೇಜಿನ ಮೇಲೆಯೇ ಇದೆ. ನಿನಗೆ ಈ ಕಡೆ ಬರುವ ಕೆಲಸವಿದ್ದರೆ ಆ ಭಾನುವಾರವೇ ಬಾ. ಮುಂದಿನ ಸಾಲಿನಲ್ಲಿ ಕುಳಿತು, ನಾನು ಇಳಿಜಾರಿನ ಮಾತು ಎತ್ತುತ್ತೇನೋ ಅಥವಾ ಆಷಾಢಭೂತಿಯ ಕತೆ ಹೇಳಿ ಚಪ್ಪಾಳೆ ಗಿಟ್ಟಿಸಿ ಇಳಿದು ಬರುತ್ತೇನೋ ನೋಡು.

ಇಂತು ನಿನ್ನ ಗೆಳೆಯ