ಹೊಸ ವೈರಸ್ ಸಿಕ್ಕಿತು, ಸರಿ. ಭೇದಿ ಇಲ್ಲದ ಮಕ್ಕಳಲ್ಲೂ ಹುಡುಕಿದರಾ?

ಮಾನ್ಯ ಸಂಪಾದಕರೇ,

ಭೇದಿಯಾದ ಮಕ್ಕಳ ಮಲದಲ್ಲಿ 'ಹೊಸ ವೈರಸ್ ಪತ್ತೆ' ಎಂಬ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುತ್ತದೆ. ಓದಿದ ಅಪ್ಪ ಅಮ್ಮಂದಿರಿಗೆ ಗಾಬರಿ. ಆದರೆ ಭೇದಿ ಇಲ್ಲದ ಮಕ್ಕಳಲ್ಲೂ ಅದು ಇತ್ತಾ ಎಂಬ ಒಂದು ಸಾಲು ಮಾತ್ರ ಎಷ್ಟೋ ಸಲ ಇರುವುದೇ ಇಲ್ಲ.

1973ರಲ್ಲಿ ಮೆಲ್ಬರ್ನ್‌ನಲ್ಲಿ ರುತ್ ಬಿಷಪ್ ಮತ್ತು ಜೊತೆಯವರು ಭೇದಿಯಾದ ಮಕ್ಕಳ ಕರುಳಿನ ತುಣುಕನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಮಕ್ಕಳಿಗೆ ಭೇದಿ ತರುವ ರೋಟಾವೈರಸ್ ಕಂಡಿತು. ಆಮೇಲೆ ಮಲದಲ್ಲಿ ನೋಡಿದರೂ ಸಾಕು ಎಂದು ಗೊತ್ತಾಯಿತು. ಆಗ ಕಣ್ಣಿಗೆ ಬೀಳಬೇಕಾದರೆ ವೈರಸ್ ರಾಶಿ ರಾಶಿ ಇರಬೇಕಿತ್ತು. ಈಗ ಮಲದಲ್ಲಿರುವ ಜೀನ್ ತುಣುಕುಗಳನ್ನೆಲ್ಲ ಯಂತ್ರವೇ ಓದಿಬಿಡುತ್ತದೆ. ಹುಡುಕಿದರೆ ಏನಾದರೊಂದು ಸಿಕ್ಕೇ ಸಿಗುತ್ತದೆ.

2008ರಲ್ಲಿ ಅದೇ ಮೆಲ್ಬರ್ನ್‌ನ ಮಕ್ಕಳ ಸ್ಯಾಂಪಲ್‌ಗಳಲ್ಲಿ ಹೀಗೇ ಆಸ್ಟ್ರೋವೈರಸ್ ಎಂಎಲ್‌ಬಿ1 ಸಿಕ್ಕಿತು. ಭೇದಿಗೆ ಇದೇ ಕಾರಣವಾ? ಉತ್ತರ ಬಂದದ್ದು ನಮ್ಮ ಪಕ್ಕದ ವೆಲ್ಲೂರಿನಿಂದ. ಅಲ್ಲಿನ ಮಕ್ಕಳಿಂದ ಭೇದಿ ಇದ್ದಾಗ ತೆಗೆದ ಸ್ಯಾಂಪಲ್, ಇಲ್ಲದಾಗ ತೆಗೆದ ಸ್ಯಾಂಪಲ್ ಎರಡನ್ನೂ ಹೋಲಿಸಿ ನೋಡಿದರು. ಭೇದಿಗೂ ಈ ವೈರಸ್ಸಿಗೂ ನಂಟು ಕಾಣಲಿಲ್ಲ. ಇದು 2011ರಲ್ಲಿ ಪ್ರಕಟವಾಯಿತು. ಸಿಕ್ಕಿದ ಸುದ್ದಿಗೆ ಇರುವ ದೊಡ್ಡಕ್ಷರ ಇಂಥ ಸುದ್ದಿಗೆ ಇರುವುದಿಲ್ಲ, ಅಲ್ವಾ?

ಹುಷಾರಾಗಿರುವ ಮಗುವಿನ ಮಲವೂ ಸುಮ್ನೆ ಎಸೆಯುವ ವಸ್ತುವಲ್ಲ. 1980ರ ದಶಕದಲ್ಲಿ ದೆಹಲಿಯ ಏಮ್ಸ್‌ನಲ್ಲಿ ಹುಟ್ಟಿದ ಕೂಸುಗಳಿಗೆ ರೋಟಾವೈರಸ್ ತಗುಲಿತ್ತು, ಆದರೆ ಭೇದಿ ಇರಲಿಲ್ಲ. ಡಾ. ಎಂ.ಕೆ. ಭಾನ್ ಅವರ ತಂಡ ಅದರ ಬೆನ್ನು ಹತ್ತಿತು. ಭೇದಿ ತರದ ಆ ವೈರಸ್ ತಳಿಯಿಂದಲೇ (ಹೆಸರು 116ಇ) ರೋಟಾವ್ಯಾಕ್ ಲಸಿಕೆ ಬಂತು. 2016ರಿಂದ ರೋಟಾವೈರಸ್ ಲಸಿಕೆ ಸರ್ಕಾರಿ ಲಸಿಕೆ ಕಾರ್ಯಕ್ರಮದಲ್ಲಿದೆ. ಬೆಂಗಳೂರಿನ ಕೂಸುಗಳಲ್ಲೂ ಇಂಥದ್ದೇ ತಳಿ ಸಿಕ್ಕಿತ್ತು, ಐ321 ಅಂತ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಸಿ. ದುರ್ಗಾ ರಾವ್ ಅದರ ಮೇಲೆ ಕೆಲಸ ಮಾಡಿದರು. ಮಕ್ಕಳ ಮೇಲಿನ ಪರೀಕ್ಷೆಯಲ್ಲಿ ನಮ್ಮದು ಹಿಂದೆ ಬಿತ್ತು, ದೆಹಲಿಯದ್ದು ಗೆದ್ದಿತು. ಸ್ವಲ್ಪ ಬೇಜಾರೇ!

ಹಾಗಾಗಿ ನನ್ನ ಮನವಿ ಇಷ್ಟೇ. ಇನ್ನು ಮುಂದೆ ಇಂಥ ಸುದ್ದಿ ಹಾಕುವಾಗ ಆ ಒಂದು ಸಾಲು ಸೇರಿಸಿ. ಭೇದಿ ಇಲ್ಲದ ಮಕ್ಕಳಲ್ಲಿ ನೋಡಿಲ್ಲ ಎಂದಾದರೆ ಹಾಗಂತಲೇ ಬರೆಯಿರಿ. ಜಾಗ ಉಳಿದರೆ ಇದನ್ನೂ ಹಾಕಿ: ಯಾವ ವೈರಸ್ಸಿನಿಂದ ಭೇದಿಯಾದರೂ ಮಗುವಿಗೆ ಮೊದಲು ಬೇಕಾದ್ದು ಓಆರ್‌ಎಸ್. ಜೊತೆಗೆ ಡಾಕ್ಟರ್ ಹೇಳಿದಷ್ಟು ದಿನ ಜಿಂಕ್ ಮಾತ್ರೆ. ವೈರಸ್ಸಿಗೆ ಆಂಟಿಬಯಾಟಿಕ್ ನಾಟುವುದಿಲ್ಲ.

– ಓದುಗ, ಮೈಸೂರು