ಆ ಫೋಟೊದಲ್ಲಿ ಇಲ್ಲದ ಹುಲ್ಲು

ಪ್ರೀತಿಯ ಗೆಳೆಯಾ,

ಮಾಲ್ಡೀವ್ಸ್‌ನಿಂದ ನಾನು ಹಾಕಿದ ಆ ಒಂದು ಫೋಟೊ ನೋಡಿ, ‘ಇದು ನಿಜವಾದ ನೀರೋ, ಯಾರಾದರೂ ಬಣ್ಣ ಬಳಿದದ್ದೋ’ ಎಂದು ನೀನು ಕೇಳಿದ್ದೆ. ಆಗ ಉತ್ತರ ಕೊಡದೆ ಸುಮ್ಮನಾದೆ. ಈಗ ಕೊಡುತ್ತಿದ್ದೇನೆ. ಫೋಟೊವನ್ನು ಎಲ್ಲರೂ ನೋಡಿ ಮೆಚ್ಚಿದ್ದರಿಂದ ಉತ್ತರವನ್ನೂ ಎಲ್ಲರೆದುರಿಗೇ ಬರೆಯುವುದು ನ್ಯಾಯವೆಂದು ತೋರಿತು. ಹೆದರಬೇಡ, ನಮ್ಮಿಬ್ಬರ ನಡುವಿನ ಆ ಬಿಳಿ ಕೊಡೆಯ ಪ್ರಸಂಗ ಇಲ್ಲಿ ಬರುವುದಿಲ್ಲ.

ಮೊದಲು ಆ ಜಾಗದ ಮಾತು. ವಿಮಾನ ನಿಲ್ದಾಣದಿಂದ ಸೀಪ್ಲೇನ್ ಹತ್ತಿ ಮೇಲೇರಿದಾಗ ಕೆಳಗೆ ಕಂಡ ಹವಳದ ಉಂಗುರಗಳನ್ನು ವರ್ಣಿಸಲು ನನ್ನಿಂದಾಗದು. ಅಂಥ ಉಂಗುರಕ್ಕೆ ಜಗತ್ತೆಲ್ಲ ಬಳಸುವ ‘ಅಟಾಲ್’ ಎಂಬ ಹೆಸರು ಕೂಡ ಅಲ್ಲಿನ ಧಿವೇಹಿ ಭಾಷೆಯಿಂದಲೇ ಬಂದದ್ದು. ಸುಮಾರು 1,200 ದ್ವೀಪಗಳಿರುವ ಆ ದೇಶದಲ್ಲಿ ಊರುಗಳಿರುವುದು 200ಕ್ಕೂ ಕಡಿಮೆ ದ್ವೀಪಗಳಲ್ಲಿ. 1972ರಲ್ಲಿ ಕುರುಂಬಾ ಎಂಬ ಮೊದಲ ರೆಸಾರ್ಟ್ ತೆರೆದಂದಿನಿಂದ ಒಂದು ದ್ವೀಪಕ್ಕೆ ಒಂದು ರೆಸಾರ್ಟ್ ಎಂಬ ಪದ್ಧತಿ ಬೆಳೆದುಬಂದಿದೆ. ಹೀಗಾಗಿ ನಾನಿದ್ದ ದ್ವೀಪದಲ್ಲಿ ಊರಿರಲಿಲ್ಲ, ಅಂಗಡಿಬೀದಿಯಿರಲಿಲ್ಲ. ಇದ್ದವರೆಲ್ಲ ಒಂದೋ ಅತಿಥಿಗಳು, ಇಲ್ಲವೇ ಅತಿಥಿಗಳಿಗಾಗಿ ದುಡಿಯುವವರು. ಹತ್ತು ನಿಮಿಷ ನಡೆದರೆ ದ್ವೀಪವನ್ನು ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬಂದು ನಿಲ್ಲಬಹುದಿತ್ತು.

ಇಳಿದ ಕೂಡಲೇ ಮಣಿಕಟ್ಟಿಗೊಂದು ಪಟ್ಟಿ ಕಟ್ಟಿದರು. ಊಟ, ಪಾನೀಯ, ದೋಣಿ, ಈಜುವ ಸಲಕರಣೆ ಎಲ್ಲದಕ್ಕೂ ಮುಂಗಡವೇ ಹಣ ಸಂದಿದೆ ಎಂಬುದಕ್ಕೆ ಆ ಪಟ್ಟಿಯೇ ಗುರುತು. ಈ ಏರ್ಪಾಡಿನ ಬೇರು ಹುಡುಕಿದರೆ ಸಿಗುವುದು 1950ರಲ್ಲಿ ಸ್ಪೇನಿನ ಮಯೋರ್ಕ ದ್ವೀಪದ ಅಲ್ಕುಡಿಯಾದಲ್ಲಿ ಜೆರಾರ್ ಬ್ಲಿಟ್ಜ್ ಎಂಬಾತ ಡೇರೆಗಳನ್ನು ಹಾಕಿಸಿ ಆರಂಭಿಸಿದ ಕ್ಲಬ್ ಮೆಡ್ ಎಂಬ ರಜಾ ಶಿಬಿರ. ರಜೆಯಲ್ಲಿ ಇರುವವರೆಗೆ ಮನುಷ್ಯ ಕೈಯಲ್ಲಿ ಕಾಸು ಹಿಡಿಯಬಾರದೆಂಬ ಎಣಿಕೆಯಿಂದ ಅಲ್ಲಿ ಮುಂದೆ ಪಾನೀಯಗಳಿಗೆ ಹಣದ ಬದಲು ಕೊರಳಿನ ಮಣಿಗಳನ್ನೇ ಬಿಚ್ಚಿ ಕೊಡುತ್ತಿದ್ದರಂತೆ. ಆ ಎಣಿಕೆ ಎಷ್ಟು ಸರಿಯೆಂದು ನನಗೆ ಮೊದಲ ದಿನವೇ ಅರಿವಾಯಿತು. ಕಾಸು ತಪ್ಪಿದ್ದಕ್ಕಿಂತ ದೊಡ್ಡ ಬಿಡುಗಡೆ ಅಲ್ಲಿತ್ತು: ಯಾವುದನ್ನೂ ತೀರ್ಮಾನಿಸಬೇಕಾಗಿರಲಿಲ್ಲ. ಕಳೆದ ವರ್ಷವನ್ನು ನಾನು ಹೇಗೆ ಕಳೆದೆನೆಂಬುದು ನಿನಗೆ ಗೊತ್ತಿರುವುದರಿಂದ ಆ ಬಿಡುಗಡೆ ನನಗೆ ಏನಾಗಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ರಾತ್ರಿ ಒಂಬತ್ತು ಗಂಟೆ ಎಚ್ಚರವಿಲ್ಲದೆ ಮಲಗಿದ್ದೆ.

ಬೆಳಿಗ್ಗೆ ಪರದೆ ಸರಿಸಿದಾಗ ಕಂಡದ್ದು ತಿಳಿನೀಲಿ ನೀರು, ಅದರ ನಡುವೆ, ನನ್ನ ಕೋಣೆಗೆ ನೇರ ಎದುರಿಗೆ, ಅಂಚು ಕದಡಿದ ಒಂದು ಕಪ್ಪು ತೇಪೆ. ಇಳಿದು ನೋಡಿದರೆ ಮೊಣಕಾಲುದ್ದದ ನೀರಿನಲ್ಲಿ ದಟ್ಟವಾಗಿ ಬೆಳೆದ ಹುಲ್ಲು. ಕಾಲಿಗೆ ತಾಗಿದಾಗ ಮೈ ಜುಮ್ಮೆಂದಿತು. ತಿಂಡಿ ಮುಗಿಸಿ ಬಂದವನೇ ಸ್ವಾಗತಕಟ್ಟೆಗೆ ಫೋನು ಮಾಡಿದೆ. ದನಿ ಏರಿಸಲಿಲ್ಲ, ಆದರೆ ನೀವು ತೋರಿಸಿದ ಚಿತ್ರಗಳಲ್ಲಿ ಇದು ಇರಲಿಲ್ಲವಲ್ಲ ಎಂದು ಕೇಳಿದೆ, ಸಂಜೆ ಇನ್ನೊಮ್ಮೆ ನೆನಪಿಸಿದೆ. ಎರಡು ಸಲವೂ ಅವರು ಕ್ಷಮೆ ಕೇಳಿದರು.

ಮೂರನೆಯ ಬೆಳಿಗ್ಗೆ ಇಳಿತದ ಹೊತ್ತಿಗೆ ಐದು ಜನ ಕೆಲಸಗಾರರು ಗೋಣಿಚೀಲ ಹಿಡಿದು ನೀರಿಗಿಳಿದರು. ನಾನು ಜಗಲಿಯಲ್ಲಿ ಕಾಫಿ ಕುಡಿಯುತ್ತ ಕುಳಿತು, ಅವರು ಬಗ್ಗಿ ಬಗ್ಗಿ ಹುಲ್ಲನ್ನು ಬೇರುಸಮೇತ ಕಿತ್ತು ಚೀಲ ತುಂಬುವುದನ್ನು ನೋಡಿದೆ. ಮಧ್ಯಾಹ್ನದವರೆಗೆ ನೀರು ಕದಡಿಕೊಂಡಿತ್ತು; ನಾಲ್ಕು ಗಂಟೆಯ ಹೊತ್ತಿಗೆ ತಿಳಿಯಾಗಿ, ಈ ದಡದಿಂದ ಹವಳದ ದಿಬ್ಬದವರೆಗೆ ಒಂದೇ ನೀಲಿ. ನೀನು ಮೆಚ್ಚಿದ ಫೋಟೊ ಆ ಹೊತ್ತಿನದು.

ಐದನೆಯ ದಿನ ಆ ರೆಸಾರ್ಟಿನಲ್ಲಿದ್ದ ಸಮುದ್ರಜೀವಶಾಸ್ತ್ರಜ್ಞೆಯೊಬ್ಬರು ನಮ್ಮಲ್ಲಿ ಆರು ಜನರನ್ನು ದ್ವೀಪದ ಹಿಂಬದಿಗೆ ಕರೆದೊಯ್ದರು. ಜನರೇಟರುಗಳು ಇರುವುದು, ಸರಕಿನ ದೋಣಿಗಳು ಬಂದು ನಿಲ್ಲುವುದು, ಕೆಲಸಗಾರರ ಬಟ್ಟೆ ಒಣಗುವುದು ಆ ಬದಿಯಲ್ಲಿ; ಅತಿಥಿಗಳ ಕಿಟಕಿಗಳು ಯಾವುವೂ ಅತ್ತ ತೆರೆಯುವುದಿಲ್ಲ. ಅಲ್ಲಿ ನೀರಿನೊಳಗೆ ಮುಖವಿಟ್ಟರೆ ಅದೇ ಹುಲ್ಲು, ಗದ್ದೆಯಂತೆ ಹರಡಿಕೊಂಡಿತ್ತು. ಅದರ ಮೇಲೊಂದು ಹಸಿರು ಕಡಲಾಮೆ ಮೇಯುತ್ತಿತ್ತು. ಗೆಳೆಯಾ, ಅದು ಹುಲ್ಲನ್ನು ಕಚ್ಚಿ ಕತ್ತು ಹಿಂದಕ್ಕೆಳೆದಾಗಲೆಲ್ಲ ಬುಡದಿಂದ ಚೂರು ಮರಳೇಳುತ್ತಿತ್ತು. ಉಸಿರಿಗಾಗಿ ನಿಧಾನವಾಗಿ ಮೇಲೆ ಬಂದು, ನಮ್ಮನ್ನು ಕಂಡೂ ಕಾಣದಂತೆ, ತಾನು ಮೇಯುವುದು ಬಿಟ್ಟಿದ್ದ ಜಾಗಕ್ಕೇ ಮತ್ತೆ ಇಳಿಯುತ್ತಿತ್ತು. ಅರ್ಧ ಗಂಟೆ ಅದನ್ನೇ ನೋಡಿದೆ. ಆ ಆರು ದಿನಗಳಲ್ಲಿ ನಾನು ಪೂರ್ತಿ ಮನಸ್ಸಿಟ್ಟು ನೋಡಿದ್ದು ಅದೊಂದನ್ನೇ.

ದಡಕ್ಕೆ ಬಂದ ಮೇಲೆ ಆಕೆ ವಿವರಿಸಿದರು. ಅದು ಪಾಚಿಯಲ್ಲ, ಬೇರು, ಕಾಂಡ, ಹೂವುಳ್ಳ ನಿಜವಾದ ಸಸ್ಯ. ಬೆಳೆದ ಹಸಿರು ಆಮೆಗೆ ಮುಖ್ಯ ಆಹಾರವೇ ಅದು, ಎಷ್ಟೋ ಬಗೆಯ ಮೀನಿನ ಮರಿಗಳು ಅದರ ಮರೆಯಲ್ಲೇ ದೊಡ್ಡವಾಗುತ್ತವೆ. ಎಲ್ಲಕ್ಕಿಂತ ಮೇಲಾಗಿ ಅದರ ಬೇರು ಮರಳನ್ನು ಹಿಡಿದಿಡುತ್ತದೆ. ಸರಾಸರಿ ಎತ್ತರ ಸಮುದ್ರಮಟ್ಟದಿಂದ ಒಂದೂವರೆ ಮೀಟರಿನಷ್ಟಿರುವ ದೇಶದಲ್ಲಿ ಮರಳೆಂದರೆ ನೆಲವೇ. ಹವಳವನ್ನು ಕೆರೆದು ತಿನ್ನುವ ಗಿಳಿಮೀನುಗಳು ಅದನ್ನು ಅರೆದು ಮರಳಾಗಿಸಿ ಹೊರಹಾಕುತ್ತವೆ. ಈಶಾನ್ಯ ಮತ್ತು ನೈರುತ್ಯ ಮಾರುತಗಳು ಬದಲಾದಂತೆ ಆ ಮರಳು ದ್ವೀಪದ ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಸರಿಯುತ್ತದೆ. ಹೀಗೆ ಸದಾ ಅಲುಗುವ ನೆಲವನ್ನು ಬಿಗಿಹಿಡಿಯುವ ಕೆಲವೇ ಸಂಗತಿಗಳಲ್ಲಿ ಈ ಹುಲ್ಲೂ ಒಂದು. ಅಲ್ಲಿ 2016ರಿಂದ ಕಡಲಾಮೆಯನ್ನು ಹಿಡಿಯುವುದೂ ಅದರ ಮೊಟ್ಟೆ ತೆಗೆಯುವುದೂ ನಿಷಿದ್ಧ. ‘ಆದರೆ ಅತಿಥಿಗಳು ನೋಡಲು ಚೆನ್ನಾಗಿಲ್ಲ ಎಂದರೆ ಹುಲ್ಲನ್ನು ಕೀಳುತ್ತಾರೆ, ಈ ವಾರವೂ ಒಂದು ಕಡೆ ಕಿತ್ತರು’ ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಉಳಿದ ಐವರೂ ಅಯ್ಯೋ ಎಂದು ತಲೆಯಾಡಿಸಿದರು.

ನಾನೂ ತಲೆಯಾಡಿಸಿದೆ. ಅದು ನನ್ನ ಕಿಟಕಿಯೆದುರಿನ ಹುಲ್ಲು, ಫೋನು ಮಾಡಿದವನು ನಾನು ಎಂದು ಹೇಳಲು ಬಾಯಿ ಬರಲಿಲ್ಲ.

ಅಂದು ರಾತ್ರಿ ಜಗಲಿಯಲ್ಲಿ ಕುಳಿತು, ಒಂದು ತೇಪೆ ಹುಲ್ಲು ನನ್ನನ್ನು ಅಷ್ಟೇಕೆ ಕಾಡಿತೆಂದು ಯೋಚಿಸಿದೆ. ಅಪ್ಪನ ಯಕೃತ್ತಿನ ಸ್ಕ್ಯಾನನ್ನು ವೈದ್ಯರು ಪರದೆಯ ಮೇಲೆ ತೋರಿಸಿದ ದಿನ ನೀನು ನನ್ನ ಪಕ್ಕದಲ್ಲೇ ನಿಂತಿದ್ದೆ. ಬೂದುಬಣ್ಣದ ನಡುವೆ ಅಂಚು ಕದಡಿದ ಆ ಕಪ್ಪನ್ನು ನೀನೂ ನೋಡಿದ್ದೀಯೆ. ಆಮೇಲಿನ ಎಂಟು ತಿಂಗಳು ನಾನು ಯಾರು ಯಾರಲ್ಲೋ ಬೇಡಿಕೊಂಡದ್ದು ಒಂದನ್ನೇ, ಅದನ್ನು ತೆಗೆದುಬಿಡಿ ಎಂದು. ಯಾರಿಂದಲೂ ಆಗಲಿಲ್ಲ. ಕೊನೆಗೆ ಚಿಕಿತ್ಸೆ ಸಾಕು ಎಂದು ಸಹಿ ಹಾಕಿದವನೂ ನಾನೇ. ಅಪ್ಪನನ್ನು ಕೇಳಿಯೇ ಹಾಕಿದೆ ಎಂದು ಎಲ್ಲರಿಗೂ ಹೇಳಿದ್ದೇನೆ, ನಿನಗೂ ಹೇಳಿದ್ದೇನೆ. ಕೇಳಿರಲಿಲ್ಲ. ಅವರು ನಿದ್ರೆಯಲ್ಲಿದ್ದರು, ಎಬ್ಬಿಸುವ ಧೈರ್ಯ ನನಗಾಗಲಿಲ್ಲ. ಇಷ್ಟೆಲ್ಲ ಆದವನಿಗೆ, ಫೋನು ಮಾಡಿ ತೆಗೆಯಿರಿ ಎಂದರೆ ಕ್ಷಮೆ ಕೇಳಿ ಮೂರನೆಯ ದಿನ ತೆಗೆದುಬಿಡುವ ಜಾಗವೊಂದು ಸಿಕ್ಕಿತು. ಆ ನಾಲ್ಕು ಗಂಟೆಯ ನೀಲಿ ನೋಡಿ ನಾನು ಅತ್ತಿದ್ದೆ. ಅಂದು ಅದನ್ನು ಸಂತೋಷವೆಂದೇ ತಿಳಿದಿದ್ದೆ.

ಇಷ್ಟನ್ನು ಬರೆಯುವ ಉದ್ದೇಶವಿರಲಿಲ್ಲ. ಬರೆದದ್ದಾಯಿತು, ಇರಲಿ. ಭಾನುವಾರ ಬಂದಾಗ ಈ ಮಾತನ್ನು ನೀನಾಗಿ ಎತ್ತಬೇಡ, ನಾನೇ ಎತ್ತುತ್ತೇನೆ.

ಹೊರಡುವ ದಿನ ಬಿಲ್ಲಿನಲ್ಲಿ ಬೇರೆಯಾಗಿ ತೋರಿಸಿದ್ದು ಒಂದೇ ಸಾಲು: ಒಬ್ಬರಿಗೆ ದಿನಕ್ಕೆ 12 ಡಾಲರಿನಂತೆ, ಪರಿಸರದ ಹೆಸರಿನಲ್ಲಿ ಪ್ರವಾಸಿಗರಿಂದ ಪಡೆಯುವ ಹಸಿರು ತೆರಿಗೆ. 2025ರ ಜನವರಿಯವರೆಗೆ ಅದು 6 ಡಾಲರಿತ್ತು. ಬರುವಾಗ ಅಷ್ಟು ಕಟ್ಟಿದರೆ ನನ್ನ ಪಾಲಿನದು ಮುಗಿಯಿತು ಎಂದುಕೊಂಡಿದ್ದೆ. ಈಗ ಹಾಗೆ ಅನ್ನಿಸಲಿಲ್ಲ. ಅಭಿಪ್ರಾಯ ಬರೆಯಲು ಕೊಟ್ಟ ಹಾಳೆಯಲ್ಲಿ, ನನ್ನ ಕೋಣೆಯ ಸಂಖ್ಯೆ ಹಾಕಿ, ಹುಲ್ಲು ಕೀಳಿಸಿದವನು ನಾನೇ, ಅದು ಮತ್ತೆ ಚಿಗುರಿದರೆ ದಯವಿಟ್ಟು ಬೆಳೆಯಲು ಬಿಡಿ, ಇನ್ನೊಬ್ಬ ಅತಿಥಿ ದೂರಿದರೆ ಅವನನ್ನೂ ಹಿಂಬದಿಯ ಆಮೆಯ ಹತ್ತಿರ ಕರೆದೊಯ್ಯಿರಿ ಎಂದು ಬರೆದೆ. ಬೇರುಸಮೇತ ಕಿತ್ತ ಹುಲ್ಲು ಮತ್ತೆ ಹರಡಲು ವರ್ಷಗಳೇ ಹಿಡಿಯಬಹುದಂತೆ. ಆಮೇಲೆ ಆ ಸಮುದ್ರಜೀವಶಾಸ್ತ್ರಜ್ಞೆಯನ್ನು ಹುಡುಕಿಕೊಂಡು ಹೋದೆ. ಅವರು ದೋಣಿಯಲ್ಲಿ ಹೊರಗೆ ಹೋಗಿದ್ದರು.

ನೀನು ಹೋಗಬೇಡ ಎಂದು ನಾನು ಹೇಳುವುದಿಲ್ಲ. ಹೋಗು, ಖಂಡಿತ ಹೋಗು. ಕೋಣೆ ಗೊತ್ತುಮಾಡುವಾಗ ಹುಲ್ಲು ಕಾಣುವ ಬದಿಯದನ್ನು ಕೇಳು, ಕೇಳುವವರು ಹೆಚ್ಚಾದರೆ ಅದನ್ನು ಉಳಿಸಲು ಅವರಿಗೂ ಒಂದು ಕಾರಣ ಸಿಗುತ್ತದೆ.

ನಿನ್ನ ಮಗಳಿಗೆ ನೀರೊಳಗೆ ನೋಡುವ ಕನ್ನಡಕ ತಂದಿದ್ದೇನೆ. ಕೈಗೆ ಸಿಕ್ಕ ಮೇಲೆ ಸ್ನಾನದ ಮನೆಯಿಂದ ಅವಳನ್ನು ಹೊರಗೆ ಕರೆಯುವುದು ಕಷ್ಟವಾಗಬಹುದು, ಒಂದು ದೊಡ್ಡ ಬಕೆಟ್ ತುಂಬಿಸಿಡು. ಆಮೆಯ ಕತೆಯನ್ನು ಅವಳಿಗೆ ನಾನೇ ಹೇಳಬೇಕು, ನೀನು ಮೊದಲೇ ಹೇಳಿಬಿಡಬೇಡ.

ಇಂತಿ ನಿನ್ನವನು